ಮಾರ್ಚ್ ಕ್ಲೋಸಿಂಗ್ ಪಾಲಿಸಿ ಜುಲೈಯಲ್ಲಿ ಯಾಕೆ ಲ್ಯಾಪ್ಸ್ ಆಗ್ತದೆ: ಇನ್ಶೂರೆನ್ಸ್ ಸೇಲ್ಸ್‌ನಲ್ಲಿ ನನ್ನ ಅನುಭವ

ಲೈಫ್ ಇನ್ಶೂರೆನ್ಸ್ ಲೈನಲ್ಲಿ ಇರುವವರಿಗೆ ಬೆಳಿಗ್ಗೆ ಒಂಬತ್ತೂಕಾಲರ ಕಾನ್‌ಕಾಲ್ (ಎಲ್ಲರನ್ನೂ ಸೇರಿಸಿ ಮಾಡುವ ಫೋನ್ ಮೀಟಿಂಗ್) ಬಗ್ಗೆ ನಾನು ಹೇಳ್ಬೇಕಾದ್ದು ಎಂತದೂ ಇಲ್ಲ. "ಇವತ್ತು ಎಷ್ಟು ಕಮಿಟ್ ಮಾಡ್ತೀರಿ", ಸಂಜೆ ಆದ್ರೆ "ಕಮಿಟ್ ಮಾಡಿದ್ದು ಎಲ್ಲಿ", ಮಧ್ಯದಲ್ಲಿ ಗ್ರೂಪಿಗೆ ಯಾರದ್ದೋ ಲಾಗಿನ್ (ಹೊಸ ಪಾಲಿಸಿ ಹಾಕಿದ್ದು) ಸ್ಕ್ರೀನ್‌ಶಾಟ್, ಅದಕ್ಕೆ ಇಪ್ಪತ್ತು ಜನರ ಚಪ್ಪಾಳೆ, ಮತ್ತೆ ಕ್ಲಸ್ಟರ್ ಹೆಡ್ಡಿಂದ (ಹಲವು ಬ್ರಾಂಚ್ ನೋಡುವ ಬಾಸ್) ನಮ್ಮ ಹೆಸರು ಹಿಡಿದು ಒಂದು ಪ್ರಶ್ನೆ. ನಾನು ಇರುವುದು ಮಂಗಳೂರು ಬ್ರಾಂಚಲ್ಲಿ, ನೋಡಿಕೊಳ್ಳುವುದು ಕಾಪು, ಉಡುಪಿ, ಮಲ್ಪೆ ಸೈಡ್. ಈಗ ಬರೀಲಿಕ್ಕೆ ಕೂತದ್ದು ಯಾಕಂದ್ರೆ, ಕಂತಿನ ಡೇಟನ್ನು ಕಸ್ಟಮರ್ ಕೈಗೆ ದುಡ್ಡು ಬರುವ ತಿಂಗಳಿಗೆ ಹೊಂದಿಸ್ತೇನೆ ಅಂದಾಗ "ಇದೆಲ್ಲ ಆಗುವ ಹೋಗುವ ಮಾತಲ್ಲ ಮಾರ್ರೆ" ಅಂತ ನಗಾಡಿದವರೇ ಈಗ ಫೋನ್ ಮಾಡಿ ಹೇಗೆ ಮಾಡಿದ್ದು ಅಂತ ಕೇಳ್ತಿದ್ದಾರೆ.

ಮೊದಲು ದುಡ್ಡು ಹೋದ ಕಥೆ. ಶುರುವಿನ ಎರಡು ವರ್ಷ ಎಲ್ಲರೂ ಮಾಡುವುದನ್ನೇ ನಾವೂ ಮಾಡಿದ್ದು. ಕದ್ರಿ ಹತ್ರ ಅಪಾರ್ಟ್‌ಮೆಂಟ್ ಗೇಟಲ್ಲಿ ಕೆನೊಪಿ (ಪ್ರಚಾರದ ಸಣ್ಣ ಡೇರೆ) ಹಾಕಿದೆವು, ಬಾಡಿಗೆ, ಪಾಂಪ್ಲೆಟ್, ಹುಡುಗರ ಚಾ ತಿಂಡಿ ಎಲ್ಲ ಸೇರಿ ಹತ್ತಿರಹತ್ತಿರ ಎಂಟು ಸಾವಿರ, ಬಂದದ್ದು ಒಂದು ಡಬ್ಬಿ ತುಂಬ ಫೋನ್ ನಂಬರ್, ಅದರಲ್ಲಿ ಅರ್ಧ ಸ್ವಿಚ್ಡ್ ಆಫ್. ಡೇಟಾ ತೆಗೊಂಡು ಕೋಲ್ಡ್ ಕಾಲ್ ಮಾಡಿದ್ದು ಇನ್ನೂ ದಂಡ. ಕೆನರಾ, ಕಾರ್ಪೊರೇಶನ್, ಸಿಂಡಿಕೇಟ್, ವಿಜಯಾ, ಕರ್ಣಾಟಕ ಅಂತ ಐದೈದು ಬ್ಯಾಂಕ್ ಹುಟ್ಟಿದ ಊರು ಇದು, ಇಲ್ಲಿ ಅಜ್ಜಿಯಂದಿರಿಗೂ ಎಫ್‌ಡಿ ರೇಟ್ ಬಾಯಿಪಾಠ. ಗ್ಯಾರಂಟೀಡ್ ಪ್ಲಾನ್ ಅಂತ ಬಾಯಿ ತೆರೆಯುವಷ್ಟರಲ್ಲಿ "ವರ್ಷಕ್ಕೆ ಲೆಕ್ಕ ಹಾಕಿದ್ರೆ ಎಷ್ಟು ಪರ್ಸೆಂಟ್ ಬೀಳ್ತದೆ ಹೇಳಿ" ಅಂತ ಕೇಳಿ ಫೋನ್ ಇಡ್ತಾರೆ. ಹಾಗಾಗಿ ಎಫ್‌ಡಿ ಅಂತ ಹೇಳಿ ಪಾಲಿಸಿ ತಲೆಗೆ ಕಟ್ಟುವ ಐಡಿಯಾ ಇಲ್ಲಿ ನಡೆಯುವುದಿಲ್ಲ, ನಡೆದ್ರೂ ಫ್ರೀಲುಕ್ (ಬೇಡ ಅಂದ್ರೆ ಪಾಲಿಸಿ ವಾಪಸ್ ಮಾಡುವ ಅವಧಿ) 30 ದಿನದೊಳಗೆ ಬಾಂಡ್ ವಾಪಸ್ ಬರ್ತದೆ, ಅದರ ಜೊತೆ ಮಗನೋ ಅಳಿಯನೋ ಬೆಂಗಳೂರಿಂದ ಬೈಲಿಕ್ಕೆ ಫೋನ್ ಮಾಡ್ತಾನೆ.

ಕ್ವಾರ್ಟರ್ ಕ್ಲೋಸಿಂಗಲ್ಲಿ ಕಸ್ಟಮರ್ ಪ್ರೀಮಿಯಂ ನಾವೇ ಕೈಯಿಂದ ಹಾಕುವ ವಿಷಯ ಗೊತ್ತಿರುವವರಿಗೆ ಗೊತ್ತುಂಟು. ಪ್ರೀಮಿಯಂ ಬಿಟ್ಟುಕೊಡುವುದು ಇನ್ಶೂರೆನ್ಸ್ ಆಕ್ಟ್ ಸೆಕ್ಷನ್ 41ರ ಪ್ರಕಾರ ಮಾಡ್ಲಿಕ್ಕೇ ಇಲ್ಲ ಅಂತ ಟ್ರೈನಿಂಗಲ್ಲಿ ಬರೆಸ್ತಾರೆ, ಮಾರ್ಚ್ 31ರ ರಾತ್ರಿ ಯಾರಿಗೂ ಅದು ನೆನಪಿರುವುದಿಲ್ಲ. ನಮ್ಮ ಟೀಮಿನ ಒಬ್ಬ ಹುಡುಗ ಒಂದೇ ವರ್ಷದಲ್ಲಿ ಐವತ್ತು ಸಾವಿರದ ಮೇಲೆ ಕಳ್ಕೊಂಡು ಕೆಲಸವನ್ನೂ ಬಿಟ್ಟ. ಫಿಕ್ಸೆಡ್ ಸ್ಯಾಲರಿ ಇಪ್ಪತ್ತೈದು ಇಪ್ಪತ್ತಾರು ಸಾವಿರ, ಅದರಲ್ಲಿ ಪೆಟ್ರೋಲಿಗೇ ಐದಾರು ಹೋಗ್ತದೆ, ಇನ್ಸೆಂಟಿವ್ ಬಂದ್ರೆ ಮಾತ್ರ ಜೀವನ. ಆ ಇನ್ಸೆಂಟಿವ್ ಕೂಡ 13ನೇ ತಿಂಗಳ ಪರ್ಸಿಸ್ಟೆನ್ಸಿ, ಅಂದ್ರೆ ವರ್ಷ ದಾಟಿದ ಮೇಲೂ ಕಂತು ಕಟ್ಟುವ ಪಾಲಿಸಿಗಳ ಪರ್ಸೆಂಟ್, ಬಿದ್ರೆ ಹಿಂದೆ ಎಳ್ಕೊಳ್ತಾರೆ. ನಮ್ಮದು ಆಗ ಐವತ್ತೈದೋ ಐವತ್ತೆಂಟೋ ಇತ್ತು. ರಿವ್ಯೂನಲ್ಲಿ ಹೇಳುವ ಕಾರಣ ಒಂದೇ, "ಕಸ್ಟಮರ್ ಕ್ವಾಲಿಟಿ ಸರಿ ಇಲ್ಲ".

ನಾನು ಒಂದು ಮಳೆಗಾಲ ಲ್ಯಾಪ್ಸ್ ಲಿಸ್ಟ್ (ಕಂತು ಕಟ್ಟದೆ ನಿಂತುಹೋದ, ನಿಲ್ಲಲಿಕ್ಕಿರುವ ಪಾಲಿಸಿಗಳ ಪಟ್ಟಿ) ಹಿಡ್ಕೊಂಡು ರೈನ್‌ಕೋಟ್ ಹಾಕಿ ಹೆಜಮಾಡಿ, ಪಡುಬಿದ್ರಿ, ಕಟಪಾಡಿ ಅಂತ ಮನೆಮನೆ ಹೋದೆ. ಮಲ್ಪೆಯಲ್ಲಿ ಒಬ್ಬರು ಬೋಟ್ ಓನರ್, ಜಗಲಿಯಲ್ಲಿ ಕೂತು ಬಲೆ ರಿಪೇರಿ ಮಾಡ್ತಿದ್ರು. "ಅಣ್ಣ, ಕ್ವಾರ್ಟರ್ಲಿ ಕಂತು ಬಾಕಿ ಉಂಟಲ್ಲ" ಅಂದೆ. ಅವರು ಬಲೆಯಿಂದ ತಲೆ ಎತ್ತದೆ, "ಬೋಟ್ ಕಟ್ಟಿ ಹಾಕಿ ತಿಂಗಳು ದಾಟಿತು, ಮಕ್ಕಳ ಫೀಸ್ ಕಟ್ಟಿದ್ದೇ ಸಾಲ ಮಾಡಿ, ನೀನು ಈಗ ಬರುವುದಾ ಮಾರಾಯ? ಅಷ್ಟಮಿ ಟೈಮಿಗೆ ಬಾ, ಒಟ್ಟಿಗೆ ಕೊಡ್ತೇನೆ" ಅಂದ್ರು. ಅಷ್ಟಮಿಗೆ ಹೋದೆ, ಕೊಟ್ರು. ಆದ್ರೆ ಅಷ್ಟರಲ್ಲಿ ಪಾಲಿಸಿ ಲ್ಯಾಪ್ಸ್, ರಿವೈವಲ್ ಫಾರ್ಮ್, ಬಡ್ಡಿ, ಹೆಲ್ತ್ ಡಿಕ್ಲರೇಶನ್ ಅಂತ ಮಂಡೆಬಿಸಿ.

ಮನೆಗೆ ಬಂದು ಲಿಸ್ಟ್ ಎದುರು ಇಟ್ಟು ಲೆಕ್ಕ ಹಾಕಿದೆ ನೋಡಿ. ಮಾರ್ಚ್ 31ಕ್ಕೆ ಹೊಡೆದ ಕ್ವಾರ್ಟರ್ಲಿ ಪಾಲಿಸಿಯ ಮುಂದಿನ ಡ್ಯೂ ಜೂನ್ 30. ಡ್ಯೂ ದಾಟಿದ ಮೇಲೂ ಕಟ್ಲಿಕ್ಕೆ ಸಿಗುವ ಗ್ರೇಸ್ 30 ದಿನ, ಅಂದ್ರೆ ಜುಲೈ 30. ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ ಜೂನ್ 1ರಿಂದ ಜುಲೈ 31ರ ತನಕ. ಡ್ಯೂ ಡೇಟೂ ಗ್ರೇಸೂ ಎರಡೂ ಪೂರ್ತಿ ಬೋಟ್ ಕಟ್ಟಿ ಹಾಕಿದ ದಿನಗಳ ಒಳಗೇ! ಆಗಸ್ಟಲ್ಲಿ ಕಡಲಿಗೆ ಇಳಿದ್ರೂ ಆಳಸಮುದ್ರದ ಬೋಟ್ ತಿರುಗಿ ಬರ್ಲಿಕ್ಕೆ ವಾರ ಹತ್ತು ದಿನ, ಡೀಸೆಲ್ ಮಂಜುಗಡ್ಡೆ ಲೆಕ್ಕ ಕಳೆದು ಕೈಗೆ ದುಡ್ಡು ಕಾಣುವಾಗ ತಿಂಗಳ ಅರ್ಧ ಕಳೆದಿರ್ತದೆ. ಮಂತ್ಲಿ ಮೋಡ್ ಆದ್ರಂತೂ ಗ್ರೇಸ್ 15 ದಿನ ಮಾತ್ರ, ಆಟೋ ಡೆಬಿಟ್ ಬೌನ್ಸ್ ಆಗಿ ಬ್ಯಾಂಕ್ ಚಾರ್ಜ್ ಬೇರೆ, ಆ ಸಿಟ್ಟಿಗೇ ಪಾಲಿಸಿ ಬಿಡ್ತಾರೆ. ಕ್ವಾಲಿಟಿ ಸರಿ ಇಲ್ಲದ್ದು ಕಸ್ಟಮರಿದ್ದಲ್ಲ, ನಮ್ಮ ಕ್ಯಾಲೆಂಡರಿದ್ದು.

ಅಲ್ಲಿಂದ ನಾನು ಮಾಡಿದ್ದು ಇಷ್ಟೇ. ಮಲ್ಪೆ ಸೈಡಲ್ಲಿ ಕ್ವಾರ್ಟರ್ಲಿ, ಮಂತ್ಲಿ ಎರಡೂ ಬಂದ್. ಅರ್ಧವಾರ್ಷಿಕ ಮಾತ್ರ, ಅಕ್ಟೋಬರ್ ಮತ್ತು ಏಪ್ರಿಲ್. ಅದಕ್ಕೆ ಲಾಗಿನ್ ಮಾಡ್ಬೇಕಾದ್ದು ಅಕ್ಟೋಬರಲ್ಲಿ, ಮಾರ್ಚಲ್ಲಿ ಅಲ್ಲ. ಇದನ್ನು ಹೇಳಿದ ದಿನ ಬ್ರಾಂಚಲ್ಲಿ ನಡೆದ ತಮಾಷೆ ಕೇಳ್ಬೇಕು, ಮಾರ್ಚಲ್ಲಿ ನಂಬರ್ ಕೊಡದವನಿಗೆ ಏಪ್ರಿಲಲ್ಲಿ ಸೀಟೇ ಇರುವುದಿಲ್ಲ ಅಂದ್ರು. ಆ ಮಾರ್ಚಲ್ಲಿ ನನ್ನ ನಂಬರ್ ನಿಜವಾಗಿ ಬಿತ್ತು, ಪಿಐಪಿ (ಕೆಲಸ ಸುಧಾರಿಸದಿದ್ರೆ ಮನೆಗೆ ಅನ್ನುವ) ಲೆಟರೂ ಬಂತು, ಮನೆಯಲ್ಲಿ ಹೇಳ್ಲಿಲ್ಲ. ಮಾರ್ಚಲ್ಲೇ ಬಂದ ಕಸ್ಟಮರನ್ನು ಬಿಡದೆ ಡೇಟ್ ಹೇಗೆ ಹೊಂದಿಸುವುದು ಅಂತಲೂ ಒಂದು ದಾರಿ ಉಂಟು, ರೂಲ್ಸ್ ಒಳಗಿನದ್ದೇ, ಅದನ್ನು ಇಲ್ಲಿ ಬರೆಯುವುದಿಲ್ಲ. ಅನುಭವ ಇದ್ದವರು ಪ್ರಪೋಸಲ್ ಫಾರ್ಮ್ ಸರಿ ಓದಿದ್ರೆ ಸಿಗ್ತದೆ.

ಮೀಟಿಂಗಲ್ಲಿ ನಾನು ಮೊದಲು ಎಫ್‌ಡಿ ಲೆಕ್ಕವನ್ನೇ ಬರೆದು ತೋರಿಸ್ತೇನೆ, ಅವರು ಕೇಳುವ ಮೊದಲೇ. ರಿಟರ್ನ್‌ಗಾಗಿ ಆದ್ರೆ ಎಫ್‌ಡಿ ಮಾಡಿ, ಇದು ನೀವು ಇಲ್ಲದಾಗ ಬೋಟ್ ಲೋನ್ ಮನೆಯವರ ಮೇಲೆ ಬೀಳದ ಹಾಗೆ ಅಂತ. ಟರ್ಮ್ ಪ್ಲಾನಲ್ಲಿ (ಜೀವ ಹೋದ್ರೆ ಮಾತ್ರ ದುಡ್ಡು ಬರುವ ಪಾಲಿಸಿ) ನಮಗೆ ನಂಬರ್ ಸಣ್ಣದು, ಆದ್ರೆ ಒಂದು ಟರ್ಮ್ ಮಾಡಿದ ತಂಡೇಲ (ಬೋಟ್ ನಡೆಸುವವ) ನಾಲ್ಕು ಜನರನ್ನು ತೋರಿಸ್ತಾನೆ.

ಅಡಿಕೆಯವರ ಹತ್ರವೂ ಪ್ರಯೋಗ ಮಾಡಿದೆ, ಪುತ್ತೂರು ನನ್ನ ಏರಿಯಾ ಅಲ್ಲ, ಭಾವನ ಊರು. ಅವರಿಗೆ ಜೂನಲ್ಲಿ ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡಿಸುವ ಖರ್ಚು, ಆಗ ಕೇಳಿದ್ರೆ "ಭಟ್ರು ಮನೆಯಲ್ಲಿಲ್ಲ". ಆದ್ರೆ ಅಡಿಕೆ ಕೊಡುವ ಟೈಮ್ ಯಾರ ಕೈಯಲ್ಲೂ ಇಲ್ಲ, ರೇಟ್ ನೋಡಿ ಚಾಲಿ (ಒಣಗಿಸಿದ ಅಡಿಕೆ) ಹಿಡಿದಿಟ್ಟುಕೊಳ್ತಾರೆ, ಹಾಗಾಗಿ ಯಾವ ಡೇಟ್ ಹಾಕಿದ್ರೂ ಅರ್ಧ ಸರಿ ಅರ್ಧ ತಪ್ಪು. ಗಲ್ಫಿನವರದ್ದು ಸುಲಭ, ರಜೆಯಲ್ಲಿ ಬಂದಾಗ ವಾರ್ಷಿಕ ಮಾಡಿಸಿದ್ರೆ ಮುಗೀತು.

ಹೆಚ್ಚು ಲಾಭ ಆದದ್ದು ಪಿಗ್ಮಿ ಅನ್ನುವ ದಿನದ ಉಳಿತಾಯದಿಂದ. ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲೇ ದಿನಕ್ಕೆ ಎರಡಾಣೆ ಅಂತ ಮನೆಬಾಗಿಲಿಗೆ ಹೋಗಿ ಪಿಗ್ಮಿ ಎತ್ತಿದ್ದು ಇದೇ ಉಡುಪಿಯಲ್ಲಿ, ಈಗಲೂ ಸೊಸೈಟಿಗಳ ಪಿಗ್ಮಿ ಕಲೆಕ್ಟರಿಗೆ ಯಾರ ಅಂಗಡಿಯಲ್ಲಿ ಯಾವ ತಿಂಗಳು ದುಡ್ಡು ಓಡ್ತದೆ ಅಂತ ನಮ್ಮ ಯಾವ ಆ್ಯಪಿಗಿಂತ ಚೆನ್ನಾಗಿ ಗೊತ್ತು. ಮೀನು ಮಾರುವ ಅಕ್ಕಂದಿರಿಗೆ ನಾನು ಪಿಗ್ಮಿ ಮೊದಲು ಮಾಡಿಸಿದೆ, ದಿನಕ್ಕೆ ಐವತ್ತು ನೂರು, ಕಂತಿನ ಡೇಟಿಗೆ ಅಲ್ಲಿಂದ ತೆಗೆದು ಕಟ್ಟುವುದು. ನನಗೆ ಅದರಲ್ಲಿ ಒಂದು ರೂಪಾಯಿ ಇಲ್ಲ, ಆದ್ರೆ ಆ ಪಾಲಿಸಿಗಳಲ್ಲಿ ಬಿದ್ದದ್ದು ಒಂದೋ ಎರಡೋ ಇರ್ಬೇಕು. ಕಲೆಕ್ಟರ್ ಜೊತೆ ನನ್ನ ಒಪ್ಪಂದ ಎಂತದು ಅಂತ ಕೇಳ್ಬೇಡಿ.

2025ರ ಸೆಪ್ಟೆಂಬರಲ್ಲಿ ಮಾತ್ರ ಎಲ್ಲ ನಿಂತುಹೋದ ಹಾಗಾಯ್ತು. ಪಾಲಿಸಿಗೆ ಜಿಎಸ್‌ಟಿ ತೆಗೀತಾರೆ ಅಂತ ತಿಂಗಳ ಶುರುವಲ್ಲಿ ಸುದ್ದಿ ಬಂತು, 22ನೇ ತಾರೀಕಿನ ತನಕ ಒಬ್ಬನೂ ಸೈನ್ ಮಾಡ್ಲಿಲ್ಲ, ಕಾನ್‌ಕಾಲಲ್ಲಿ ಎಲ್ಲರಿಗೂ ಬೈಗುಳ. ನನ್ನವರು ಹೇಗೂ ಅಕ್ಟೋಬರಿನವರು. ಟ್ಯಾಕ್ಸ್ ಇಲ್ಲದೆ ಮಾಡಿಸಿದ್ರು, ನಾನು ಆ ತಿಂಗಳು ಕ್ಲಸ್ಟರಲ್ಲಿ ಟಾಪ್.

ಈಗ ಪರ್ಸಿಸ್ಟೆನ್ಸಿ ಎಂಬತ್ತೈದರ ಆಸುಪಾಸು. ಇನ್ಸೆಂಟಿವ್ ವರ್ಷಕ್ಕೆ ಮೊದಲಿನ ಎರಡೂವರೆ ಪಟ್ಟು, ಬೈಕಿನ ಲೋನ್ ತೀರಿತು. ಪಿಐಪಿ ಲೆಟರ್ ಕೊಟ್ಟ ಮಹಾನುಭಾವರೇ ಹೋದ ತಿಂಗಳು ಫೋನ್ ಮಾಡಿ, ಕರಾವಳಿ ಮಾಡೆಲ್ ಅಂತ ಒಂದು ಪಿಪಿಟಿ ಮಾಡಿ ಕಳಿಸಿ, ಬೆಂಗಳೂರಲ್ಲಿ ನಾನೇ ಪ್ರೆಸೆಂಟ್ ಮಾಡ್ತೇನೆ ಅಂದ್ರು. ಹನ್ನೆರಡು ಸ್ಲೈಡ್ ಮಾಡಿ ಕಳಿಸಿದೆ, ಹಾರ್ಬರಿನ ಫೋಟೋ ಎಲ್ಲ ಹಾಕಿ, ಡ್ಯೂ ಡೇಟಿನ ಕಾಲಂ ಒಂದು ಬಿಟ್ಟು.