273 ಎಲ್ಲಿಂದ ಬಂತು ಸಾರ್?

ಒಂಬತ್ತನೇ ಕ್ಲಾಸಿಗೆ ಘನ, ದ್ರವ, ಅನಿಲದ ಪಾಠ ಮಾಡುವಾಗ ಒಂದು ಸಾಲು ಬರುತ್ತದೆ: ತಾಪದ ಅಳತೆಯಲ್ಲಿ ಸೆಲ್ಸಿಯಸ್‌ನಿಂದ ಕೆಲ್ವಿನ್‌ಗೆ ಹೋಗಬೇಕಾದರೆ 273 ಕೂಡಿಸಿ. ಎಷ್ಟೋ ವರ್ಷ ನಾನು ಅದನ್ನು ಬೋರ್ಡಿನ ಮೇಲೆ ಬರೆದು, ಎರಡು ಲೆಕ್ಕ ಮಾಡಿಸಿ ಮುಂದೆ ಹೋಗುತ್ತಿದ್ದೆ. ಒಂದು ವರ್ಷ ಮೂರನೇ ಬೆಂಚಿನ ಹುಡುಗಿ ಎದ್ದು ನಿಂತಳು. "ಸಾರ್, ಈ 273 ಎಲ್ಲಿಂದ ಬಂತು?"

"ಮೈನಸ್ 273ಕ್ಕಿಂತ ಕೆಳಗೆ ತಾಪ ಇಳಿಯೋದೇ ಇಲ್ಲಮ್ಮ, ಅದಕ್ಕೆ" ಅಂದೆ.

"ಅಲ್ಲಿಗೆ ಯಾರು ಹೋಗಿ ನೋಡಿ ಬಂದ್ರು ಸಾರ್?"

ಇದಕ್ಕೆ ಬಾಯಿಮಾತಿನ ಉತ್ತರ ಸಾಲದು ಅನ್ನಿಸಿತು. ಯಾರೂ ಹೋಗಿ ನೋಡಬೇಕಾಗಿಲ್ಲ. ಒತ್ತಡ ಬದಲಾಗದಂತೆ ನೋಡಿಕೊಂಡು ಗಾಳಿಯನ್ನು ತಣ್ಣಗೆ ಮಾಡುತ್ತಾ ಹೋದರೆ ಅದು ಒಂದೇ ಲೆಕ್ಕದಲ್ಲಿ ಕುಗ್ಗುತ್ತದೆ. ನಾಲ್ಕೈದು ಕಡೆ ಅಳೆದು ಗ್ರಾಫಿನಲ್ಲಿ ಚುಕ್ಕಿ ಇಟ್ಟು, ಗೆರೆಯನ್ನು ಎಡಕ್ಕೆ ಎಳೆಯುತ್ತಾ ಹೋದರೆ ಗಾತ್ರ ಸೊನ್ನೆಯಾಗುವ ಜಾಗ ಸಿಗುತ್ತದೆ. ಅದೇ ಮೈನಸ್ 273. ಇದನ್ನು ಮಕ್ಕಳ ಕೈಯಲ್ಲೇ ಮಾಡಿಸೋಣ ಎಂದುಕೊಂಡೆ.

ಮೊದಲು ಮೆಡಿಕಲ್ ಶಾಪಿನ ಪ್ಲಾಸ್ಟಿಕ್ ಸಿರಿಂಜ್ ತಂದೆ. ಅದು ಈ ಕೆಲಸಕ್ಕೆ ಆಗುವುದಿಲ್ಲ. ಒಳಗಿನ ರಬ್ಬರ್ ಕಚ್ಚಿಕೊಳ್ಳುತ್ತದೆ, ಗಾಳಿ ಹಿಗ್ಗಿದರೂ ದಂಡ ಕದಲುವುದಿಲ್ಲ. ದನಗಳಿಗೆ ಚುಚ್ಚುವ 50 ಮಿಲಿಯ ಗಾಜಿನ ಸಿರಿಂಜ್ ಸಿಕ್ಕಿದ ಮೇಲೆ ಕೆಲಸ ಹಗುರಾಯಿತು. ಅದರ ಮೂತಿಗೆ ಸೈಕಲ್ಲಿನ ವಾಲ್ವ್ ಟ್ಯೂಬ್ ಹಾಕಿ, ಮಡಚಿ, ದಾರದಿಂದ ಬಿಗಿಯಾಗಿ ಕಟ್ಟಿದೆವು. ಒಳಗೆ 30 ಮಿಲಿ ಗಾಳಿ. ಪಾತ್ರೆಯಲ್ಲಿ ಬಿಸಿ ನೀರು, ಪಕ್ಕದಲ್ಲಿ ಥರ್ಮಾಮೀಟರ್. ಸಿರಿಂಜನ್ನು ಗಾಳಿ ಇರುವಷ್ಟು ಭಾಗ ಮುಳುಗಿಸಿ ಐದು ನಿಮಿಷ ಕಾಯಬೇಕು. ದಂಡವನ್ನು ಬೆರಳಲ್ಲಿ ಸ್ವಲ್ಪ ತಿರುಗಿಸಿ ಬಿಟ್ಟು ಆಮೇಲೆ ಓದಬೇಕು. ಈ ಕಾಯುವ ಐದು ನಿಮಿಷವೇ ಮಕ್ಕಳಿಗೆ ಬಲು ಕಷ್ಟ.

ದಂಡ ಸಲೀಸಾಗಿ ಜಾರಲಿ ಅಂತ ನಾನೇ ಅದಕ್ಕೆ ನೀರು ಸವರಿಸಿದ್ದೆ. ತಪ್ಪು ನಡೆದದ್ದು ಅಲ್ಲೇ.

25 ಡಿಗ್ರಿಯಲ್ಲಿ 30 ಮಿಲಿ. 40ಕ್ಕೆ 33. 50ಕ್ಕೆ 36.5. 60ಕ್ಕೆ 41.5. ದಂಡ ಕಣ್ಣೆದುರೇ ಏರುತ್ತಿದ್ದರೆ ಮಕ್ಕಳಿಗೆ ಖುಷಿಯೋ ಖುಷಿ. ಚುಕ್ಕಿಗಳು ಮೇಲಕ್ಕೆ ಬಾಗಿದ ಹಾಗೆ ಕಾಣುತ್ತಿತ್ತು. "ಅಳತೆಯಲ್ಲಿ ಚೂರು ಹೆಚ್ಚು ಕಮ್ಮಿ ಆಗಿರುತ್ತೆ, ಸ್ಕೇಲ್ ಇಟ್ಟು ನೇರ ಗೆರೆ ಎಳೀರಿ" ಅಂದೆ. ಎಳೆದರು. ಎರಡು ಗ್ರಾಫ್ ಹಾಳೆ ಅಂಟಿಸಿಕೊಂಡು ಸಿದ್ಧವಾಗಿದ್ದರು ಪಾಪ. ಆದರೆ ಎರಡನೇ ಹಾಳೆಯ ತನಕ ಗೆರೆ ಹೋಗಲೇ ಇಲ್ಲ. ಮೈನಸ್ 66ಕ್ಕೇ ಗಾತ್ರ ಸೊನ್ನೆ!

ನಾನು ಉಪಕರಣ ಸರಿಯಿಲ್ಲ ಎಂದು ಹೇಳಿ ಮುಗಿಸುವವನಿದ್ದೆ. ಅಷ್ಟರಲ್ಲಿ ಅದೇ ಹುಡುಗಿ, "ಅಂಟಾರ್ಕ್ಟಿಕಾದಲ್ಲಿ ಮೈನಸ್ 89 ಆಗಿದೆ ಅಂತ ಓದಿದೀನಿ ಸಾರ್. ಅಲ್ಲಿ ಗಾಳಿ ಇರ್ಲಿಲ್ವಾ?" ಅಂದಳು. ಅವಳ ಮಾತು ನಿಜ. 1983ರ ಜುಲೈನಲ್ಲಿ ವೋಸ್ಟಾಕ್ ಕೇಂದ್ರದಲ್ಲಿ ಮೈನಸ್ 89.2 ಡಿಗ್ರಿ ದಾಖಲಾಗಿದೆ. ಅಲ್ಲಿದ್ದವರು ಉಸಿರಾಡಿಕೊಂಡೇ ಇದ್ದರು. ಅಂದಮೇಲೆ ನಮ್ಮ ಗೆರೆಯೇ ಸುಳ್ಳು ಹೇಳುತ್ತಿತ್ತು.

ಸಂಜೆ ಲ್ಯಾಬಿನಲ್ಲಿ ಸಿರಿಂಜನ್ನು ಬೆಳಕಿಗೆ ಹಿಡಿದು ನೋಡಿದೆ. ಗಾಜಿನ ಒಳಗೋಡೆಯಲ್ಲಿ ಸಣ್ಣ ಸಣ್ಣ ಹನಿಗಳು. ಆಗ ಹೊಳೆಯಿತು. ನಾವು ಬಿಸಿ ಮಾಡಿದ್ದು ಬರೀ ಗಾಳಿಯನ್ನಲ್ಲ. ತಾಪ ಏರಿದ ಹಾಗೆಲ್ಲ ಆ ನೀರು ಆವಿಯಾಗುತ್ತಾ ಒಳಗಿನ ಅನಿಲಕ್ಕೆ ಸೇರಿಕೊಳ್ಳುತ್ತಿತ್ತು. ನಮ್ಮ ಶಾಲೆ ಇರುವುದು ಮಲೆನಾಡಿನ ಎತ್ತರದಲ್ಲಿ, ಇಲ್ಲಿ ಹೊರಗಿನ ಗಾಳಿಯ ಒತ್ತಡ ಸುಮಾರು 89 ಕಿಲೋಪಾಸ್ಕಲ್. (ಅದಕ್ಕೇ ನಮ್ಮಲ್ಲಿ ನೀರು 96 ದಾಟುತ್ತಿದ್ದ ಹಾಗೇ ಕುದಿಯುತ್ತದೆ. ಥರ್ಮಾಮೀಟರ್ ಕೆಟ್ಟಿದೆ ಅಂತ ಪ್ರತಿ ವರ್ಷ ಯಾರಾದರೊಬ್ಬರು ದೂರು ತರುತ್ತಾರೆ.) 60 ಡಿಗ್ರಿಯಲ್ಲಿ ನೀರಾವಿಯ ಒತ್ತಡವೇ 20 ಕಿಲೋಪಾಸ್ಕಲ್ ಆಗುತ್ತದೆ. ಅಂದರೆ ದಂಡವನ್ನು ಮೇಲಕ್ಕೆ ತಳ್ಳುವ ಕೆಲಸದಲ್ಲಿ ಐದರಲ್ಲಿ ಒಂದು ಪಾಲಿಗಿಂತ ಜಾಸ್ತಿ ಆವಿಯದು. ಇದಕ್ಕೆ ಎಷ್ಟು ನೀರು ಬೇಕು ಅಂತ ಲೆಕ್ಕ ಹಾಕಿದೆ. 60 ಡಿಗ್ರಿಯಲ್ಲಿ 41.5 ಮಿಲಿ ಜಾಗದಲ್ಲಿ ಇರುವ ಆವಿಯ ತೂಕ ಐದಾರು ಮಿಲಿಗ್ರಾಂ, ಅಷ್ಟೇ. ಒಂದು ಹನಿ ನೀರು ಸುಮಾರು 50 ಮಿಲಿಗ್ರಾಂ ತೂಗುತ್ತದೆ. ಹನಿಯಲ್ಲಿ ಹತ್ತನೇ ಒಂದು ಪಾಲು ನಮ್ಮ ಲೆಕ್ಕವನ್ನೆಲ್ಲ ಕೆಡಿಸಿತ್ತು!

ಚುಕ್ಕಿಗಳು ಬಾಗಿದ್ದು ಅಳತೆಯ ತಪ್ಪಿನಿಂದ ಆಗಿರಲಿಲ್ಲ. ಅವು ನಿಜವನ್ನೇ ಹೇಳುತ್ತಿದ್ದವು. ಸ್ಕೇಲ್ ಇಟ್ಟು ಅದನ್ನು ಮುಚ್ಚಿದವನು ನಾನು. ಮಾರನೆಯ ದಿನ ಇದನ್ನು ಮಕ್ಕಳಿಗೆ ಹೇಳಿ, ಅವರ ಮೊದಲಿನ ಚುಕ್ಕಿಗಳನ್ನು ಮತ್ತೆ ತೆಗೆಸಿ ತೋರಿಸಿದೆ.

ಆಮೇಲೆ ಹಳೆಯ ಕತೆ ಓದಿದಾಗ ಮನಸ್ಸು ತುಂಬಿ ಬಂತು. ಫ್ರಾನ್ಸಿನ ವಿಜ್ಞಾನಿ ಚಾರ್ಲ್ಸ್ 1787ರ ಸುಮಾರಿಗೇ ಅನಿಲ ಹಿಗ್ಗುವುದನ್ನು ಅಳೆದಿದ್ದರೂ ಪ್ರಕಟಿಸಿರಲಿಲ್ಲ. ಬೇರೆಯವರು ಅಳೆದದ್ದು ಒಬ್ಬರದು ಇನ್ನೊಬ್ಬರಿಗೆ ತಾಳೆಯಾಗುತ್ತಿರಲಿಲ್ಲ. 1802ರಲ್ಲಿ ಗೇ-ಲುಸಾಕ್ ಎಂಬ 23 ವರ್ಷದ ಹುಡುಗ ಕಾರಣ ಹೇಳಿದ: ಅವರ ಪಾತ್ರೆಗಳಲ್ಲಿ ನೀರಿನ ಪಸೆ ಉಳಿದಿತ್ತು. ಅವನು ಅನಿಲವನ್ನೂ ಪಾತ್ರೆಯನ್ನೂ ಚೆನ್ನಾಗಿ ಒಣಗಿಸಿ ಅಳೆದ. ಎಲ್ಲ ಅನಿಲಗಳೂ ಒಂದೇ ಲೆಕ್ಕದಲ್ಲಿ ಹಿಗ್ಗುವುದು ಕಂಡಿತು. ನಮ್ಮ ಮಕ್ಕಳ ಸಿರಿಂಜಿನಲ್ಲಿ ಆದದ್ದೂ ಅದೇ ತಪ್ಪು ನೋಡಿ.

ನಾವೂ ಒಣಗಿಸಿದೆವು. ಸಿರಿಂಜ್ ಬಿಚ್ಚಿ, ಸ್ಪಿರಿಟಿನಲ್ಲಿ ತೊಳೆದು, ಇಡೀ ದಿನ ಬಿಸಿಲಿಗಿಟ್ಟೆವು. ನೀರಿನ ಬದಲು ಪೆನ್ಸಿಲ್ ಕಡ್ಡಿಯ ಪುಡಿಯನ್ನು ದಂಡಕ್ಕೆ ತೆಳ್ಳಗೆ ಸವರಿದೆವು. ಈ ಸಲ ಐಸ್ ನೀರೂ ಇತ್ತು. 2 ಡಿಗ್ರಿಯಲ್ಲಿ 27.5 ಮಿಲಿ, 75ರಲ್ಲಿ 35. ನಡುವಿನ ಚುಕ್ಕಿಗಳು ಸಾಲಾಗಿ ಕೂತವು. ಗೆರೆ ಮೊದಲ ಹಾಳೆ ದಾಟಿ ಎರಡನೇ ಹಾಳೆಗೆ ಹೋಯಿತು. ಆ ಹುಡುಗಿಯ ಗುಂಪಿಗೆ ಮೈನಸ್ 266 ಬಂತು. ಇನ್ನೊಂದಕ್ಕೆ 250, ಮತ್ತೊಂದಕ್ಕೆ 285. ಅರ್ಧ ಮಿಲಿ ಕಣ್ಣಳತೆಯಲ್ಲಿ ಆಚೀಚೆಯಾದರೆ ಅಷ್ಟು ದೂರದಲ್ಲಿ ಹತ್ತಿಪ್ಪತ್ತು ಡಿಗ್ರಿ ಬದಲಾಗುತ್ತದೆ. ಅದನ್ನೂ ಅವರೇ ಕಂಡುಕೊಂಡರು.

ಈಗ ಪ್ರತಿ ವರ್ಷ ಎರಡು ಸಲ ಮಾಡಿಸುತ್ತೇನೆ. ಮೊದಲು ಒದ್ದೆ ಸಿರಿಂಜ್, ಆಮೇಲೆ ಒಣ ಸಿರಿಂಜ್. ಯಾಕೆ ಅಂತ ಮುಂಚೆ ಹೇಳುವುದಿಲ್ಲ. ಚುಕ್ಕಿ ಬಾಗಿದರೆ ಬಾಗಿದ ಹಾಗೇ ಬಿಡಿಸುತ್ತೇನೆ. ನೀವು ಮಾಡಿಸುವುದಾದರೆ 75 ಡಿಗ್ರಿಗಿಂತ ಬಿಸಿ ನೀರನ್ನು ಮಕ್ಕಳ ಕೈಗೆ ಕೊಡಬೇಡಿ.

ಆ ಮೊದಲ ವರ್ಷ ಗೆರೆ ಎಳೆದು ಮುಗಿದ ಮೇಲೆ ಒಂದು ಮಾತು ಹೇಳಿದ್ದೆ: ಮೈನಸ್ 183ಕ್ಕೆ ಆಮ್ಲಜನಕ, ಮೈನಸ್ 196ಕ್ಕೆ ಸಾರಜನಕ ದ್ರವವಾಗಿಬಿಡುತ್ತದೆ. ದ್ರವವಾದ ಮೇಲೆ ಅನಿಲದ ಲೆಕ್ಕ ಅದಕ್ಕೆ ನಡೆಯುವುದಿಲ್ಲ. ಆ ಹುಡುಗಿ ಸ್ವಲ್ಪ ಹೊತ್ತು ತನ್ನ ಗ್ರಾಫನ್ನೇ ನೋಡಿದಳು. ಆಮೇಲೆ ರಬ್ಬರ್ ಕೇಳಿ ತೆಗೆದುಕೊಂಡು, ಮೈನಸ್ 183ರಿಂದ ಆಚೆಗಿನ ಗೆರೆಯನ್ನು ಅಳಿಸಿ, ಅಲ್ಲಿಂದ 266ರ ತನಕ ಚುಕ್ಕಿ ಚುಕ್ಕಿ ಗೆರೆ ಹಾಕಿದಳು.