ರಜಾ ಅರ್ಜಿ ಹಿಡಿದು ಇಂಗ್ಲಿಷ್ ಗ್ರಾಮರ್ ರಿಪೇರಿ

ಗ್ರಾಮರ್ ಪುಸ್ತಕ ಸದ್ಯಕ್ಕೆ ಬದಿಗಿಡಿ. ನೀವೇ ಬರೆದ ಹಳೆಯ ರಜಾ ಅರ್ಜಿ ಒಂದನ್ನು ಹುಡುಕಿ, ಇಲ್ಲದಿದ್ದರೆ ಈಗಲೇ ನಾಲ್ಕು ಸಾಲು ಬರೆಯಿರಿ. ಕಲಬುರಗಿಯಲ್ಲಿ ಕನ್ನಡ ಮೀಡಿಯಂ ಮುಗಿಸಿ ಕಾಲೇಜು ಸೇರಿದಾಗ ನಾನು ಬರೆದದ್ದು ಹೀಗಿತ್ತು: ‘ಐ ಆ್ಯಮ್ ಸಫರಿಂಗ್ ಫ್ರಮ್ ಫೀವರ್ ಸಿನ್ಸ್ ಟೂ ಡೇಸ್, ಸೋ ಕೆನಾಟ್ ಕಮ್.’ ಸರ್ ಕೆಂಪು ಪೆನ್ನಿನಲ್ಲಿ ಗೆರೆ ಎಳೆದರು. ಯಾಕೆ ಅಂತ ಮಾತ್ರ ಹೇಳಲಿಲ್ಲ.

ಮೊದಲು ಕ್ರಿಯಾಪದ ಹುಡುಕಿ. ಕನ್ನಡದಲ್ಲಿ ಅದು ಕೊನೆಗೆ ಕೂತಿರುತ್ತದೆ: ‘ನಮ್ಮಪ್ಪ ಗಂಜ್‌ನಲ್ಲಿ (ಧಾನ್ಯದ ಮಾರುಕಟ್ಟೆಯಲ್ಲಿ) ತೊಗರಿ ಮಾರ್ತಾರೆ.’ ಇಂಗ್ಲಿಷಿನಲ್ಲಿ ಕರ್ತೃವಿನ ಬೆನ್ನಿಗೇ ಬರಬೇಕು: ‘ಮೈ ಫಾದರ್ ಸೆಲ್ಸ್ ತೊಗರಿ ಇನ್ ದ ಗಂಜ್.’ ಇಲ್ಲೇ ಇನ್ನೊಂದು ನೋಡಿ. ನಾವು ಅಪ್ಪನಿಗೆ ಮರ್ಯಾದೆ ಕೊಟ್ಟು ‘ಮಾರ್ತಾರೆ’ ಅಂತೀವಿ, ಇಂಗ್ಲಿಷಿಗೆ ಅದೆಲ್ಲ ಗೊತ್ತಿಲ್ಲ, ಅಪ್ಪ ಒಬ್ಬರೇ ಅಲ್ವಾ, ಹಾಗಾಗಿ ‘ಸೆಲ್’ ಬಾಲಕ್ಕೆ ಎಸ್ ಬೀಳಲೇಬೇಕು. ‘ಡಿಡ್’ ಬಂದ ಕಡೆ ಭೂತಕಾಲ ಅದರಲ್ಲೇ ಮುಗಿಯಿತು, ‘ಡಿಡ್ ನಾಟ್ ವೆಂಟ್’ ಬೇಡ, ‘ಡಿಡ್ ನಾಟ್ ಗೋ’ ಸಾಕು.

ಆಮೇಲೆ ಪ್ರತಿ ಕ್ರಿಯಾಪದಕ್ಕೂ ‘ಯಾರು?’ ಅಂತ ಕೇಳಿ. ‘ಬಂದೆ’ ಅಂದರೆ ನಾನು ಅಂತ ನಮಗೆ ತಿಳಿಯುತ್ತದೆ. ‘ಕೇಮ್’ ಅಂದರೆ ಯಾರು ಬಂದರೋ ಗೊತ್ತಾಗುವುದಿಲ್ಲ. ನನ್ನ ಅರ್ಜಿಯಲ್ಲಿ ‘ಸೋ’ ಆದಮೇಲೆ ‘ಐ’ ಬಿಟ್ಟುಹೋದದ್ದು ಇದಕ್ಕೇ. ಮಳೆಗೂ ಕರ್ತೃ ಬೇಕು ಇವರಿಗೆ: ‘ಇಟ್ ಈಸ್ ರೇನಿಂಗ್.’ ಆ ‘ಇಟ್’ ಯಾರು ಅಂತ ಮಾತ್ರ ಕೇಳಬೇಡಿ!

ನಮ್ಮ ಕಡೆಯವರನ್ನು ಜಾಸ್ತಿ ಕೆಡವುವುದು ‘ಇಂದ’. ‘ಸೋಮವಾರದಿಂದ ಜ್ವರ’, ‘ಎರಡು ದಿನದಿಂದ ಜ್ವರ’, ಎರಡಕ್ಕೂ ನಮ್ಮಲ್ಲಿ ಒಂದೇ ಪ್ರತ್ಯಯ. ಇಂಗ್ಲಿಷಿನಲ್ಲಿ ಎರಡು ದಾರಿ. ಶುರುವಾದ ಹೊತ್ತು ಹೇಳಿದರೆ ‘ಸಿನ್ಸ್ ಮಂಡೇ’, ಎಷ್ಟು ದಿನ ಅಂತ ಲೆಕ್ಕ ಹೇಳಿದರೆ ‘ಫಾರ್ ಟೂ ಡೇಸ್’. ಜ್ವರ ಆಗ ಹಿಡಿದು ಇನ್ನೂ ಬಿಟ್ಟಿಲ್ಲವಾದ್ದರಿಂದ ‘ಐ ಆ್ಯಮ್ ಸಫರಿಂಗ್ ಫ್ರಮ್’ ಹೋಗಿ ‘ಐ ಹ್ಯಾವ್ ಹ್ಯಾಡ್’ ಬರುತ್ತದೆ.

‘ಎ’ ಹಾಕಬೇಕೋ ‘ಆ್ಯನ್’ ಹಾಕಬೇಕೋ? ಮುಂದಿನ ಪದವನ್ನು ಸುಮ್ನೆ ಕನ್ನಡ ಅಕ್ಷರದಲ್ಲಿ ಬರೆದು ನೋಡಿ. ಸ್ವರದಿಂದ ಶುರುವಾದರೆ ‘ಆ್ಯನ್’, ವ್ಯಂಜನವಾದರೆ ‘ಎ’. ಯೂನಿವರ್ಸಿಟಿಗೆ ಮುಂದೆ ಯಕಾರ ಇದೆ, ಅದಕ್ಕೆ ‘ಎ’. ಗಂಟೆ ಅನ್ನುವ ‘ಅವರ್’ನಲ್ಲಿ ಎಚ್ ಬಾಯಿ ಬಿಡುವುದಿಲ್ಲ, ಅದಕ್ಕೆ ‘ಆ್ಯನ್’. ಎಮ್ಮೆಲ್ಲೆಗೂ ‘ಆ್ಯನ್’. ಬಸ್‌ ಸ್ಟ್ಯಾಂಡಿನಲ್ಲಿ ಯಾರೋ ‘ಯಮ್ಮೆಲ್ಲೆ ಬಂದಾರ’ ಅಂದರು ಅಂತ ‘ಎ’ ಹಾಕಬೇಡಿ.

ಚಿಹ್ನೆಗಳು ಅಷ್ಟೇನೂ ಕಷ್ಟವಿಲ್ಲ. ಎರಡು ಪೂರ್ತಿ ವಾಕ್ಯಗಳನ್ನು ಬರೀ ಕಾಮಾದಿಂದ ಅಂಟಿಸಬೇಡಿ, ಕನ್ನಡದಲ್ಲಿ ನಡೆಯುತ್ತದೆ, ನಾನೂ ಇಲ್ಲಿ ಧಾರಾಳವಾಗಿ ಅಂಟಿಸಿದ್ದೇನೆ, ಇಂಗ್ಲಿಷಿನಲ್ಲಿ ಅದು ತಪ್ಪು. ಫುಲ್‌ಸ್ಟಾಪ್ ಇಡಿ, ಇಲ್ಲವೇ ಕಾಮಾ ಜೊತೆ ‘ಬಟ್’, ‘ಸೋ’ ಥರದ ಪದ ಸೇರಿಸಿ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಅಂತ ಇಲ್ಲದ್ದರಿಂದ ಅದು ಮರೆತೇ ಹೋಗುತ್ತದೆ: ವಾಕ್ಯದ ಮೊದಲ ಅಕ್ಷರ, ಊರು, ಹೆಸರು, ವಾರ, ತಿಂಗಳು, ‘ನಾನು’ ಅನ್ನುವ ‘ಐ’, ಇವಕ್ಕೆಲ್ಲ ದೊಡ್ಡಕ್ಷರ. ‘ಇಟ್ಸ್’ ಕಿವಿಗೆ ಒಂದೇ, ಬರೆಯುವಾಗ ಎರಡು. ‘ಇಟ್ ಈಸ್’ ಅಂತ ಬಿಡಿಸಿ ಓದಿ, ಅರ್ಥ ಕೂಡಿದರೆ ಎಸ್‌ಗೆ ಮೊದಲು ಮೇಲ್ಗಡೆ ಕೊಕ್ಕೆ ಇರಲಿ, ‘ಅದರ’ ಅನ್ನುವ ಅರ್ಥವಾದರೆ ಬೇಡ.

ಈಗ ಹಳೆಯ ಅರ್ಜಿ ಮತ್ತೆ ಬರೆಯಿರಿ. ನನ್ನದು ಹೀಗಾಯಿತು: ‘ಐ ಹ್ಯಾವ್ ಹ್ಯಾಡ್ ಎ ಫೀವರ್ ಫಾರ್ ಟೂ ಡೇಸ್, ಸೋ ಐ ಕೆನಾಟ್ ಕಮ್ ಟು ಕಾಲೇಜ್ ಟುಡೇ.’