ನಾಲ್ವರಿಗೊಂದು ಮೋಟಾರು: ಟಾರ್ಚ್ ಸೆಲ್ಲಿನಲ್ಲಿ ತಿರುಗುವ ಪಾಠ

ನಲವತ್ತು ಮಕ್ಕಳಿಗೆ ಒಂದೇ ಮಾದರಿ ಇಟ್ಟರೆ ಮುಂದಿನ ಬೆಂಚಿನವರಿಗಷ್ಟೇ ಕಾಣುತ್ತದೆ. ಹತ್ತು ಗುಂಪು ಮಾಡಿ, ಹತ್ತು ಮೋಟಾರು ಕಟ್ಟಿಸಿ. ಆಟಿಕೆಗಳ ಮೂಲಕ ವಿಜ್ಞಾನ ಕಲಿಸುವ ಅರವಿಂದ ಗುಪ್ತಾ ಜನಪ್ರಿಯಗೊಳಿಸಿದ ಈ ಮೋಟಾರಿಗೆ ಕಿಟ್ ಕೊಳ್ಳಬೇಕಿಲ್ಲ.

ಗುಂಪಿಗೆ ಬೇಕಾದದ್ದು:
- ಟಾರ್ಚಿನ ದೊಡ್ಡ ಸೆಲ್ 1
- ಸುಮಾರು 5 ಸೆಂ.ಮೀ. ಉದ್ದದ ಸೇಫ್ಟಿ ಪಿನ್ 2 (ಬಣ್ಣ ಬಳಿದದ್ದು ಬೇಡ, ಕರೆಂಟು ಹರಿಯದು)
- ಹಳೆಯ ಸೈಕಲ್ ಟ್ಯೂಬನ್ನು ಅಡ್ಡಲಾಗಿ ಕತ್ತರಿಸಿದ 1 ಸೆಂ.ಮೀ. ಅಗಲದ ಬಳೆ
- ಕೆಟ್ಟ ಚಿಕ್ಕ ಸ್ಪೀಕರಿನ ಅಯಸ್ಕಾಂತ
- 24 ಗೇಜಿನ ಇನಾಮಲ್ (ಕರೆಂಟು ಹರಿಯದ ತೆಳು ಲೇಪ) ಬಳಿದ ತಾಮ್ರದ ತಂತಿ 1 ಮೀಟರ್

ತಂತಿ ಮೋಟಾರು ವೈಂಡಿಂಗ್ ಅಂಗಡಿಯಲ್ಲಿ ತೂಕಕ್ಕೆ ಸಿಗುತ್ತದೆ. 100 ಗ್ರಾಮಿಗೆ ಸುಮಾರು 45 ಮೀಟರ್. ಬೋರ್‌ವೆಲ್ ಮೋಟಾರಿನ ಪ್ಲಾಸ್ಟಿಕ್ ಹೊದಿಕೆಯ ತಂತಿ ಕೊಟ್ಟರೆ ಬೇಡವೆನ್ನಿ.

ಎರಡು ಸೆಂ.ಮೀ. ದಪ್ಪದ ಮಾರ್ಕರ್ ಪೆನ್ನಿಗೆ 12 ಸುತ್ತು ಸುತ್ತಿ. ಎರಡೂ ತುದಿಯನ್ನು ಎದುರುಬದುರು ಬದಿಯಲ್ಲಿ ಸುರುಳಿಗೆ ಎರಡು ಸಲ ಬಿಗಿದು, 5 ಸೆಂ.ಮೀ. ಹೊರಗೆ ಬಿಡಿ. ಎರಡೂ ತುದಿ ಒಂದೇ ಗೆರೆಯಲ್ಲಿರಬೇಕು. ಪಿನ್ನುಗಳನ್ನು ಸೆಲ್ಲಿನ ಎರಡು ತುದಿಗೆ ಟ್ಯೂಬಿನ ಬಳೆಯಿಂದ ಬಿಗಿಯಿರಿ, ಪಿನ್ನಿನ ಬುಡದ ದುಂಡು ಕಣ್ಣು ಮೇಲಿರಲಿ. ಅಯಸ್ಕಾಂತ ಅಡ್ಡ ಮಲಗಿಸಿದ ಸೆಲ್ಲಿನ ಬೆನ್ನ ಮೇಲೆ. ಅಂಟದಿದ್ದರೆ ಟೇಪು ಹಾಕಿ.

ಇನ್ನು ಕೆರೆಯುವ ಕೆಲಸ. ಹೆಚ್ಚಿನ ಮೋಟಾರುಗಳು ಕೆಡುವುದು ಇಲ್ಲೇ, ಹಾಗಾಗಿ ಅವಸರ ಬೇಡ. ಒಂದು ತುದಿಯ ಇನಾಮಲ್ಲನ್ನು ಸುತ್ತಲೂ ಬ್ಲೇಡಿನಿಂದ ಪೂರ್ತಿ ತೆಗೆಯಿರಿ. ಇನ್ನೊಂದನ್ನು, ಸುರುಳಿಯನ್ನು ನೆಟ್ಟಗೆ ನಿಲ್ಲಿಸಿ ಹಿಡಿದು, ಮೇಲಿನ ಅರ್ಧ ಮಾತ್ರ. ಎರಡನ್ನೂ ಪೂರ್ತಿ ಕೆರೆದರೆ ಅರ್ಧ ಸುತ್ತಿನ ನಂತರ ತಳ್ಳುವಿಕೆ ತಿರುಗುಮುರುಗಾಗಿ ಸುರುಳಿ ಅಲ್ಲೇ ನಡುಗುತ್ತದೆ. ಸುರುಳಿಯನ್ನು ಅಡ್ಡ ಮಲಗಿಸಿ ಕೆರೆದರೂ ಸೋಲೇ: ಕರೆಂಟು ಹರಿಯುವ ಅರ್ಧದಲ್ಲಿ ಮುಂದಕ್ಕೂ ಹಿಂದಕ್ಕೂ ಸಮನಾಗಿ ತಳ್ಳುತ್ತದೆ.

ಕಣ್ಣುಗಳಿಗೆ ತುದಿ ಸೇರಿಸಿ, ಬೆರಳಿನಿಂದ ಮೆಲ್ಲಗೆ ತಳ್ಳಿ. ಒಂದೇ ಜಾಗಕ್ಕೆ ಬಂದು ನಿಲ್ಲುತ್ತಿದ್ದರೆ ಒಂದು ಬದಿ ಭಾರವಾಗಿದೆ, ತುದಿಯನ್ನು ಬಗ್ಗಿಸಿ ಸರಿಮಾಡಿ. ಅಲುಗಾಡದಿದ್ದರೆ ಪಿನ್ನು ಸೆಲ್ಲಿಗೆ ತಾಗಿದೆಯೇ ನೋಡಿ. ದೋಷ ಹುಡುಕುವುದನ್ನು ಮಕ್ಕಳಿಗೇ ಬಿಡಿ. ಮೇಷ್ಟ್ರು ಕೈಹಾಕಿದರೆ ಪಾಠ ಅರ್ಧಕ್ಕೇ ನಿಂತಂತೆ. ಮೋಟಾರು ತಿರುಗಿದ ಗುಂಪಿಗೆ ಮುಂದಿನ ಕೆಲಸ: ಅಯಸ್ಕಾಂತ ಮಗುಚಿದರೆ ಏನಾಗುತ್ತದೆ? ಜೊತೆಗೆ ಸೆಲ್ಲನ್ನೂ ತಿರುಗಿಸಿದರೆ?

ಸುರುಳಿ ಕರೆಂಟಿಗೆ ಒಡ್ಡುವ ತಡೆ ತೀರಾ ಕಡಿಮೆ. ನಿಂತ ಸುರುಳಿಯನ್ನು ಹಾಗೇ ಬಿಟ್ಟರೆ ಪಿನ್ನು ಬಿಸಿಯಾಗುತ್ತದೆ, ಸೆಲ್ ಬೇಗ ಮುಗಿಯುತ್ತದೆ, ಕೂಡಲೇ ತೆಗೆಸಿ. ಮೊಬೈಲ್ ಬ್ಯಾಟರಿಯನ್ನಂತೂ ಮುಟ್ಟಲೇಬೇಡಿ. ಪಾಠ ಮುಗಿದ ಮೇಲೆ ಸೆಲ್ಲುಗಳನ್ನು ಪಿನ್ನುಗಳ ಡಬ್ಬಿಯಲ್ಲಿಡದೆ ಬೇರೆಯಾಗಿ ಎತ್ತಿಡಿ.